ಗಾಡಿ ಜಗ್ಗವಲ್ದು ಅಂತ ಬಂದವರಿಗೆ

ತಮ್ಮಾ, ಐಟಿಐಯಲ್ಲಿ ಮೋಟಾರ್ ವೆಹಿಕಲ್ ಟ್ರೇಡ್ ಮುಗಿಸಿ ಭೋಜದಲ್ಲೇ ಗ್ಯಾರೇಜ್ ಹಾಕುತ್ತೇನೆ ಅಂದೆ. ಹಾಕು. ಕೊಲ್ಹಾಪುರ, ಪುಣೆಯ ಶೆಡ್ಡುಗಳಿಗೆ ಹೋಗುವ ಹುಡುಗರ ನಡುವೆ ಒಬ್ಬನಾದರೂ ಊರಲ್ಲಿ ನಿಂತರೆ ನಮಗೂ ಆಸರೆ. ಶೆಟರ್‌ಗೆ ಯಾವ ಬಣ್ಣ, ಜಾಗದ ಬಾಡಿಗೆ ಎಷ್ಟು ಅನ್ನುವುದನ್ನೆಲ್ಲ ನಿಮ್ಮಪ್ಪ ನೋಡಿಕೊಳ್ಳುತ್ತಾನೆ. ಕಾಕಾ ಆಗಿ ನಾನು ಮಾತಾಡುವುದು ಒಂದೇ ದೂರಿನ ಬಗ್ಗೆ. ಕೆಎ–23 ಗಾಡಿಯವನು ಬಂದು ‘ಮಿಸ್ತ್ರಿ, ಪಿಕಪ್ ಇಲ್ಲ, ಜಗ್ಗವಲ್ದು’ ಅನ್ನುತ್ತಾನೆ. ಎಂಎಚ್–09ನವನು ‘ಓಢತ್ ನಾಹಿ’ ಅನ್ನುತ್ತಾನೆ. ಇಬ್ಬರ ಸಂಕಟವೂ ಒಂದೇ.

ಪಂಕ್ಚರ್ ಆದರೆ ಕಣ್ಣಿಗೆ ಕಾಣುತ್ತದೆ. ಬ್ಯಾಟರಿ ಸತ್ತರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಪಿಕಪ್ಪಿನ ತಕರಾರು ಹಾಗೆ ಸುಲಭಕ್ಕೆ ಸಿಗುವುದಿಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಆದರೆ ರೇಸ್ ಕೊಟ್ಟಷ್ಟಕ್ಕೆ ಮುಂದೆ ಹೋಗುವುದಿಲ್ಲ. ಕಾರಣ ಕಾಲಡಿಯ ಮ್ಯಾಟಿನಿಂದ ಹಿಡಿದು ಪಿಸ್ಟನ್ ರಿಂಗಿನವರೆಗೆ ಎಲ್ಲಿ ಬೇಕಾದರೂ ಅಡಗಿರಬಹುದು. ಊಹೆಯ ಮೇಲೆ ಸಾಮಾನು ಬದಲಿಸುವ ಚಾಳಿ ಬೆಳೆಯುವುದು ಇಲ್ಲೇ. ಮೊದಲು ಪ್ಲಗ್ ಹಾಕಿ ನೋಡೋಣ, ಆಗಲಿಲ್ಲ ಅಂದರೆ ಪಂಪ್, ಅದೂ ಆಗಲಿಲ್ಲ ಅಂದರೆ ಟರ್ಬೊ. ಗಿರಾಕಿಯ ಕಬ್ಬಿನ ಬಿಲ್ಲು ಕರಗಿಹೋಗುತ್ತದೆ, ಗಾಡಿ ಮಾತ್ರ ಬಂದಾಗ ಹೇಗಿತ್ತೋ ಹಾಗೇ ಇರುತ್ತದೆ. ಸಾಮಾನು ಬದಲಿಸುವ ಕೈ ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತದೆ. ಯಾವುದನ್ನು ಬದಲಿಸಬೇಕಾಗಿಲ್ಲ ಅಂತ ಹೇಳಬಲ್ಲ ಮಿಸ್ತ್ರಿ ಈ ಭಾಗದಲ್ಲಿ ಇನ್ನೂ ಕಡಿಮೆ. ನೀನು ಅಂಥವನಾಗು ಅನ್ನುವುದು ನನ್ನ ಆಸೆ.

ಹಾಗಾಗಿ ಬಾನೆಟ್ ಎತ್ತುವ ಮೊದಲು ಗಿರಾಕಿಯನ್ನು ಸ್ಟೂಲ್ ಮೇಲೆ ಕೂರಿಸಿ ಚಹಾ ಕೊಟ್ಟು ಕೇಳು. ಯಾವಾಗಿನಿಂದ ಹೀಗೆ? ನಿನ್ನೆ ಒಮ್ಮೆಲೇ ಆಯಿತೋ, ಸ್ವಲ್ಪ ಸ್ವಲ್ಪ ಇಳಿಯುತ್ತ ಬಂತೋ? ಒಮ್ಮೆಲೇ ಬಿದ್ದಿದ್ದರೆ ಪೈಪ್ ಕಳಚಿದ್ದು, ವೈರ್ ತುಂಡಾದದ್ದು, ಸೆನ್ಸರ್ ಸತ್ತದ್ದು ಇಂಥವನ್ನು ಮೊದಲು ನೋಡು. ತಿಂಗಳುಗಟ್ಟಲೆ ಇಳಿದಿದ್ದರೆ ಫಿಲ್ಟರ್, ಕ್ಲಚ್ ಪ್ಲೇಟ್, ಕಾರ್ಬನ್. ತಣ್ಣಗಿದ್ದಾಗಲೋ, ಕಾದ ಮೇಲೋ? ಎಸಿ ಹಾಕಿದಾಗ ಮಾತ್ರವೋ? ಕಡೆಯ ಸಲ ಎಲ್ಲಿ ಎಣ್ಣೆ ಹಾಕಿಸಿದ್ದು? ಮೀಟರಿನಲ್ಲಿ ಹಳದಿ ದೀಪ ಉರಿಯುತ್ತಿದೆಯೇ? ಇದಕ್ಕಿಂತ ಮುಂಚೆ ಯಾರು ಯಾವುದನ್ನು ಬಿಚ್ಚಿದ್ದರು? ಈ ಕಡೆಯ ಪ್ರಶ್ನೆಗೆ ಜನ ಸಂಕೋಚದಿಂದ ಉತ್ತರ ಕೊಡುವುದಿಲ್ಲ. ಸಮಾಧಾನದಿಂದ ಕೇಳಿದರೆ ಹೇಳುತ್ತಾರೆ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಬೇರೆ ಕಡೆ ಸರ್ವಿಸ್ ಮಾಡಿಸಿದ ಮಾರನೇ ದಿನವೇ ಪಿಕಪ್ ಬಿದ್ದಿದ್ದರೆ, ಅಲ್ಲಿ ಬಿಚ್ಚಿದ ಜಾಗವನ್ನೇ ಮೊದಲು ಮುಟ್ಟಿ ನೋಡು. ಸರಿಯಾಗಿ ಕೂರದ ಹೋಸ್ ಕ್ಲಿಪ್ ಸಿಕ್ಕಿದರೆ ಆಶ್ಚರ್ಯಪಡಬೇಡ.

ಆಮೇಲೆ ಕೀ ಇಸಿದುಕೊಂಡು ನೀನೇ ಓಡಿಸು. ಹತ್ತದ ಚಕ್ಕಡಿಯನ್ನು ಕಂಡರೆ ನಿಮ್ಮಜ್ಜ ಮೂರು ಜಾಗ ನೋಡುತ್ತಿದ್ದ: ಎತ್ತು ಸೊರಗಿದೆಯೋ, ನೊಗದ ಹಗ್ಗ ಜಾರುತ್ತಿದೆಯೋ, ಗಾಲಿ ಎರೆಮಣ್ಣಿನಲ್ಲಿ ಹೂತಿದೆಯೋ. ಕಾರಿಗೂ ಇವೇ ಮೂರು. ಇಂಜಿನ್ನಿನಲ್ಲಿ ಶಕ್ತಿ ಹುಟ್ಟುತ್ತಿಲ್ಲವೋ, ಹುಟ್ಟಿದ್ದು ಗಾಲಿಗೆ ಮುಟ್ಟುತ್ತಿಲ್ಲವೋ, ಗಾಲಿಯನ್ನೇ ಏನೋ ಹಿಡಿದಿಟ್ಟಿದೆಯೋ. ಇದು ಇತ್ಯರ್ಥವಾಗುವ ತನಕ ಪಾನಾ ಕೈಗೆ ತೆಗೆದುಕೊಳ್ಳಬೇಡ.

ಹಿಡಿದಿಟ್ಟಿದ್ದನ್ನು ಕಂಡುಹಿಡಿಯುವುದು ಸುಲಭ, ಖರ್ಚೂ ಇಲ್ಲ. ಮೊದಲು ನಾಲ್ಕೂ ಟೈರಿನ ಗಾಳಿ ನೋಡು. ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಎಷ್ಟು ಬೇಕೆಂದು ಬರೆದಿರುತ್ತದೆ, ಸಣ್ಣ ಕಾರುಗಳಿಗೆ ಹೆಚ್ಚಾಗಿ 30ರಿಂದ 33 ಪಿಎಸ್‌ಐ. ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದು ನ್ಯೂಟ್ರಲ್‌ಗೆ ಹಾಕು. ಗಾಡಿ ತಾನಾಗಿ ಹರಿಯಬೇಕು. ಯಾರೋ ಹಿಂದಿನಿಂದ ಹಿಡಿದ ಹಾಗೆ ನಿಂತರೆ ಬ್ರೇಕ್ ಬಿಡುತ್ತಿಲ್ಲ. ಐದಾರು ಕಿಲೋಮೀಟರ್ ಬ್ರೇಕ್ ಹೆಚ್ಚು ತುಳಿಯದೆ ಓಡಿಸಿ ಬಂದು ಒಂದೊಂದು ಗಾಲಿಯ ಹತ್ತಿರ ಅಂಗೈ ಒಯ್ಯಿ, ಡಿಸ್ಕನ್ನು ಮುಟ್ಟಬೇಡ. ಒಂದು ಗಾಲಿಯಿಂದ ಮಾತ್ರ ಝಳ ಬಂದರೆ ಅಲ್ಲಿಯ ಕ್ಯಾಲಿಪರ್ ಪಿನ್ ಕಟ್ಟಿಕೊಂಡಿದೆ, ಇಲ್ಲವೇ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ವಾಪಸ್ ಬರುತ್ತಿಲ್ಲ. ಮಳೆಗಾಲ ಮುಗಿದ ಮೇಲೆ ಹೊಳೆಸಾಲಿನ ಊರುಗಳಿಂದ ಬರುವ ಗಾಡಿಗಳಲ್ಲಿ ಇದು ಸಾಮಾನ್ಯ.

ಗಾಲಿಗೆ ಶಕ್ತಿ ಮುಟ್ಟದಿರುವುದು ಅಂದರೆ ಬಹುಮಟ್ಟಿಗೆ ಕ್ಲಚ್. ನಾಲ್ಕನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತ ಎಕ್ಸಲರೇಟರ್ ಪೂರ್ತಿ ಒತ್ತು. ಆರ್‌ಪಿಎಂ ಮುಳ್ಳು ಮೇಲಕ್ಕೆ ಜಿಗಿದು ವೇಗದ ಮುಳ್ಳು ಇದ್ದಲ್ಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಸುಟ್ಟ ವಾಸನೆಯೂ ಬಂದೀತು. ಭೋಜದ ಸುತ್ತ ನೆಲ ಹೊಳೆಬಯಲು, ಸಪಾಟು, ಹಾಗಾಗಿ ಜಾರುವ ಕ್ಲಚ್ಚು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ನಾಲ್ಕು ಜನರನ್ನು ಕೂರಿಸಿಕೊಂಡು ನಿಪ್ಪಾಣಿ ದಾಟಿ ತವಂದಿ ಘಾಟ್ ಹತ್ತುವಾಗ ಬಯಲಾಗುತ್ತದೆ. ಸಂಶಯ ಉಳಿದರೆ ಅಲ್ಲಿಯವರೆಗೆ ಒಯ್ದು ನೋಡುವುದರಲ್ಲಿ ತಪ್ಪಿಲ್ಲ, ಎಣ್ಣೆಯ ದುಡ್ಡು ಮೊದಲೇ ಮಾತಾಡಿಕೊ.

ಕಾಲಡಿಯ ಮ್ಯಾಟ್ ಅಂದೆನಲ್ಲ, ನಗಬೇಡ. ದಪ್ಪ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟ್ ಹಾಕಿ, ಪೆಡಲ್ ಪೂರ್ತಿ ಕೆಳಗಿಳಿಯದೆ ‘ಪಿಕಪ್ ಇಲ್ಲ’ ಅಂತ ಬರುವವರಿದ್ದಾರೆ. ಹಳೆಯ ಓಮ್ನಿ, ಮಾರುತಿ 800ರಲ್ಲಿ ಎಕ್ಸಲರೇಟರ್ ಕೇಬಲ್ ಸಡಿಲಾಗಿ ಥ್ರಾಟಲ್ ಅರ್ಧವೇ ತೆರೆಯುತ್ತಿರುತ್ತದೆ. ಇಂಜಿನ್ ಬಂದ್ ಮಾಡಿ, ಹುಡುಗನಿಗೆ ಪೆಡಲ್ ತುಳಿಯಲು ಹೇಳಿ, ನೀನು ಕಣ್ಣಾರೆ ನೋಡು.

ಇವೆಲ್ಲ ಸರಿಯಿದ್ದರೆ ತಪ್ಪು ಇಂಜಿನ್ನಿನದೇ. ಅಲ್ಲಿ ಮೊದಲು ಗಾಳಿಯ ದಾರಿ ಹಿಡಿ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಜನ ಎಣ್ಣೆಯ ಬಗ್ಗೆ ಮಾತಾಡುವಷ್ಟು ಗಾಳಿಯ ಬಗ್ಗೆ ಮಾತಾಡುವುದಿಲ್ಲ, ಇಂಜಿನ್ ನುಂಗುವುದು ಹೆಚ್ಚಾಗಿ ಗಾಳಿಯನ್ನೇ. ನಮ್ಮ ಕಡೆ ಕಾರ್ಖಾನೆ ಹಂಗಾಮು ಶುರುವಾದರೆ ಕಬ್ಬಿನ ಜೋಡಿ ಟ್ರೇಲರಿನ ಹಿಂದೆ ಹೋಗುವ ಕಾರಿನ ಏರ್ ಫಿಲ್ಟರ್ ಎಷ್ಟು ಧೂಳು ಕುಡಿಯುತ್ತದೆ ಅಂತ ಬಿಚ್ಚಿ ನೋಡಿದವನಿಗೇ ಗೊತ್ತು. ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಡಾಂಬರ್ ರಸ್ತೆಯ ಲೆಕ್ಕ. ಧೂಳಿನಲ್ಲಿ ಓಡುವ ಗಾಡಿಗೆ ಬೇಗ ಬದಲಿಸಬೇಕು ಅಂತ ಅದೇ ಪುಸ್ತಕದಲ್ಲಿ ಬರೆದಿರುತ್ತದೆ, ಯಾರೂ ಆ ಪುಟ ತೆರೆಯುವುದಿಲ್ಲ. ಕಾಗದದ ಫಿಲ್ಟರನ್ನು ತೊಳೆಯಬೇಡ. ಗಾಳಿ ಹೊಡೆಯುವುದಾದರೆ ಶುದ್ಧ ಮಗ್ಗುಲಿನಿಂದ ಹೊಲಸು ಮಗ್ಗುಲಿಗೆ, ದೂರದಿಂದ, ಮೆಲ್ಲಗೆ. ಹತ್ತಿರ ಹಿಡಿದು ಜೋರಾಗಿ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಧೂಳು ನೆಟ್ಟಗೆ ಬೋರಿಗೆ ಹೋಗುತ್ತದೆ.

ಫಿಲ್ಟರ್ ಡಬ್ಬಿಯನ್ನು ಪೂರ್ತಿ ತೆರೆ. ಕಬ್ಬಿನ ಹೊಲದ ಇಲಿ ಬೆಚ್ಚಗಿನ ಜಾಗ ಹುಡುಕಿ ರವದಿ, ಹತ್ತಿ, ಚಿಂದಿ ತಂದು ಅಲ್ಲಿ ಗೂಡು ಮಾಡುತ್ತದೆ. ಗೂಡು ಕಂಡರೆ ವೈರನ್ನೂ ತಡವಿ ನೋಡು, ಕಡಿದಿರುತ್ತದೆ. ಡಬ್ಬಿಯ ಮುಂದೆ ಪೈಪಿನಲ್ಲಿ ಗಾಳಿ ಅಳೆಯುವ ಸೆನ್ಸರ್ ಇದ್ದರೆ ಅದರೊಳಗಿನ ತಂತಿಯನ್ನು ಕೈಯಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟಕೂಡದು, ಅದಕ್ಕೇ ಬೇರೆ ಸ್ಪ್ರೇ ಸಿಗುತ್ತದೆ. ಆ ಸೆನ್ಸರಿನ ಸಾಕೆಟ್ ಕಳಚಿ ಓಡಿಸಿದಾಗ ಗಾಡಿ ಮೊದಲಿಗಿಂತ ಚೆನ್ನಾಗಿ ಜಗ್ಗಿದರೆ ಅದು ಸುಳ್ಳು ಅಳತೆ ಕೊಡುತ್ತಿತ್ತು ಅಂತ ತಿಳಿ. ದೀಪ ಉರಿಯುತ್ತದೆ, ಗಾಬರಿಯಾಗಬೇಡ, ಆಮೇಲೆ ಅಳಿಸಬಹುದು.

ಇನ್ನು ಎಣ್ಣೆ. ಡೀಸೆಲ್ ಗಾಡಿಯಾದರೆ ಫಿಲ್ಟರಿನ ತಳದಲ್ಲಿ ನೀರು ಬಸಿಯುವ ತಿರುಪು ಇದೆಯೇ ನೋಡಿ ಗಾಜಿನ ಬಾಟಲಿಗೆ ಬಸಿ. ತಳದಲ್ಲಿ ನೀರು ಬೇರೆಯಾಗಿ ನಿಂತರೆ ಗಿರಾಕಿಗೆ ಅದನ್ನೇ ತೋರಿಸು. ಹೊಳೆದಂಡೆಯ ಪಂಪಿಗೆ ಅಂತ ಕ್ಯಾನಿನಲ್ಲಿ ತಂದು ಉಳಿದ ಡೀಸೆಲ್ಲನ್ನು ಕಾರಿಗೆ ಸುರಿಯುವವರು ನಮ್ಮಲ್ಲಿ ಬಹಳ. ಕ್ಯಾನಿನ ತಳದಲ್ಲಿ ಏನಿತ್ತೋ ಎಲ್ಲ ಟ್ಯಾಂಕಿಗೆ ಹೋಗುತ್ತದೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಮರೆಯಬೇಡ. ನಮ್ಮ ಕಾಲದವರು ಹೊಳೆದಂಡೆಯ ಆಯಿಲ್ ಇಂಜಿನ್ ಮೇಲೆ, ಹಳೆಯ ಜೀಪಿನ ಮೇಲೆ ಕಲಿತವರು. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಲು ಇಂಜಿನ್ ಓಡುತ್ತಿರುವಾಗಲೇ ಒಂದೊಂದು ನೋಝಲ್ ಪೈಪಿನ ನಟ್ಟು ಸಡಿಲಿಸಿ ಸದ್ದು ಕೇಳುತ್ತಿದ್ದರು. ಇವತ್ತಿಗೂ ಹಾಗೆ ಮಾಡುವ ಹಿರಿಯರನ್ನು ನೀನು ಕಾಣುತ್ತೀ. ಕಾಮನ್ ರೈಲ್ ಡೀಸೆಲ್ ಕಾರಿನಲ್ಲಿ ಇದನ್ನು ಯಾರು ಹೇಳಿದರೂ ಮಾಡಬೇಡ. ಆ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟಬಲ್ಲದು. ಕೂದಲೆಳೆಯಷ್ಟು ಸಂದಿನಿಂದ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟು ಗುರುತು, ಒಳಗೆ ಕೈಯೇ ಕೊಳೆಯುವಷ್ಟು ಅಪಾಯ. ಹಾಗೆ ಯಾರಿಗಾದರೂ ಆದರೆ ಮುಲಾಮು ಹಚ್ಚುತ್ತ ಕೂರದೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಕಾಮನ್ ರೈಲಿಗೆ ಬೇರೆ ಪರೀಕ್ಷೆ ಇದೆ, ಅಗ್ಗದ್ದೂ ಹೌದು. ಪ್ರತಿ ನೋಝಲಿನ ವಾಪಸಾತಿ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಇಂಜಿನ್ ಓಡಿಸು. ಮೂರು ಬಾಟಲಿಯಲ್ಲಿ ತಳಮಟ್ಟ, ಒಂದರಲ್ಲಿ ಮಾತ್ರ ತುಂಬಿ ಬಂದರೆ ಆ ನೋಝಲ್ ಒಳಗೇ ಸೋರುತ್ತಿದೆ. ನಾಲ್ಕನ್ನೂ ಬದಲಿಸುವ ಬದಲು ಒಂದನ್ನು ಬೆಳಗಾವಿಗೋ ಕೊಲ್ಹಾಪುರಕ್ಕೋ ಪಂಪ್–ನೋಝಲ್ ಅಂಗಡಿಗೆ ಕಳಿಸಿದರೆ ಆಯಿತು.

ಪೆಟ್ರೋಲ್ ಗಾಡಿಯವರು ಈಗ ಎಲ್ಲದಕ್ಕೂ ಎಥನಾಲ್ ಮೇಲೆ ಗೂಬೆ ಕೂರಿಸುತ್ತಾರೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಇ–20 ಪೆಟ್ರೋಲ್ ಬಿಡುಗಡೆಯಾಯಿತು, ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ನಮ್ಮ ಹೊಲದ ಕಬ್ಬೇ ಕಾರ್ಖಾನೆಯ ಡಿಸ್ಟಿಲರಿ ಹೊಕ್ಕು ಪಂಪಿನಿಂದ ನಮ್ಮ ಟ್ಯಾಂಕಿಗೆ ವಾಪಸ್ ಬರುವ ಕಾಲ ಇದು. ಲೀಟರಿಗೆ ಲೀಟರ್ ತೂಗಿದರೆ ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ ಶಕ್ತಿ. ಅದಕ್ಕೇ ಮೈಲೇಜ್ ಸ್ವಲ್ಪ ಇಳಿಯುವುದು ನಿಜ. ಹಳೆಯ ವಿನ್ಯಾಸದ, ಇ–10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಆದರೆ ಏರು ಹತ್ತದೆ ನಿಲ್ಲುವ ಗಾಡಿಗೆ ಇಷ್ಟೇ ಕಾರಣ ಆಗಲಾರದು. ಎಥನಾಲಿನ ನಿಜವಾದ ಕಿರಿಕಿರಿ ಬೇರೆ. ಅದು ನೀರನ್ನು ಹೀರುತ್ತದೆ, ಮಿತಿ ಮೀರಿದರೆ ನೀರೂ ಎಥನಾಲೂ ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಪಂಪ್ ಮೊದಲು ಎಳೆಯುವುದು ಅದನ್ನೇ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರ್ ಮೆತ್ತಗಾಗುವುದೂ ಉಂಟು. ಹಾಗಾಗಿ ‘ಎಲ್ಲಾ ಎಥನಾಲಿಂದ’ ಅಂತ ಗಿರಾಕಿ ಅಂದರೆ ಹೂಂ ಅನ್ನಬೇಡ, ಅಲ್ಲ ಅಂತ ವಾದಕ್ಕೂ ಇಳಿಯಬೇಡ. ಟ್ಯಾಂಕಿನ ಸ್ಯಾಂಪಲ್ ಬಾಟಲಿಗೆ ತೆಗೆದು ಬೆಳಕಿಗೆ ಹಿಡಿ, ಪಂಪಿನ ಪ್ರೆಶರ್ ಗೇಜಿನಲ್ಲಿ ಅಳೆ. ಪೆಟ್ರೋಲ್ ಪಂಪಿನವರ ಮೇಲೆ ಕಲಬೆರಕೆಯ ಮಾತು ಎತ್ತುವ ಮೊದಲು ಗಿರಾಕಿಯೇ ಅಲ್ಲಿಗೆ ಹೋಗಿ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಲಿ. ಅದು ಅವನ ಹಕ್ಕು.

ಕಿಡಿಯ ವಿಷಯದಲ್ಲಿ ಉದ್ದಕ್ಕೆ ಹೇಳಬೇಕಾದ್ದೇನಿಲ್ಲ. ಪ್ಲಗ್ ಬಿಚ್ಚಿದರೆ ಅದರ ಮೂತಿಯೇ ಹೇಳುತ್ತದೆ: ತಿಳಿ ಕಂದು ಇದ್ದರೆ ಆರೋಗ್ಯ, ಒಣ ಕಪ್ಪು ಮಸಿ ಇದ್ದರೆ ಎಣ್ಣೆ ಹೆಚ್ಚು ಗಾಳಿ ಕಡಿಮೆ, ಬೆಳ್ಳಗಿದ್ದರೆ ಎಣ್ಣೆ ಸಾಲದೆ ಕಾಯುತ್ತಿದೆ, ಜಿಡ್ಡಾಗಿದ್ದರೆ ರಿಂಗೋ ವಾಲ್ವ್ ಸೀಲೋ ಹೋಗಿದೆ. ಇಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದು ಸ್ಕ್ಯಾನರ್ ಎರಡನೇ ಸಿಲಿಂಡರ್ ಅಂತ ತೋರಿಸಿದರೆ, ಅಂದರೆ ಪಿ0302 ಬಂದರೆ, ಹೊಸ ಕಾಯಿಲ್ ತರಲು ಓಡಬೇಡ. ಎರಡನೆಯದರ ಕಾಯಿಲ್ ಮೂರನೆಯದಕ್ಕೆ, ಮೂರನೆಯದು ಎರಡನೆಯದಕ್ಕೆ ಹಾಕಿ ಓಡಿಸು. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಕೆಟ್ಟದ್ದು ನಿಶ್ಚಯ. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ನೋಡು. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು.

ಡೀಸೆಲ್ ಟರ್ಬೊ ಗಾಡಿಗಳಲ್ಲಿ ಮೊದಲು ಡ್ರೈವರನ್ನು ನೋಡಬೇಕು. ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಇಂಜಿನ್ ಸ್ವಿಫ್ಟ್, ಡಿಸೈರ್ ಮೊದಲಾದ ಎಷ್ಟೋ ಗಾಡಿಗಳಲ್ಲಿ ಬಂತು, ನಮ್ಮ ಕಡೆ ಇನ್ನೂ ಬೇಕಾದಷ್ಟು ಓಡುತ್ತಿವೆ. ಅದರ ಬಲ ತುಂಬಿ ಬರುವುದು 2000 ಆರ್‌ಪಿಎಂ ಹತ್ತಿರ. ಮೈಲೇಜ್ ಆಸೆಗೆ 30ರ ವೇಗದಲ್ಲೇ ನಾಲ್ಕನೇ ಗೇರ್ ಹಾಕಿ, ಜಗ್ಗವಲ್ದು ಅನ್ನುವವನಿಗೆ ಬೇಕಾದ್ದು ರಿಪೇರಿಯಲ್ಲ. ಪಕ್ಕದಲ್ಲಿ ಕೂತು ಒಂದು ಗೇರ್ ಇಳಿಸಿ ತೋರಿಸು. ದುಡ್ಡು ತೆಗೆದುಕೊಳ್ಳಬೇಡ, ಮುಂದಿನ ಸರ್ವಿಸ್‌ಗೆ ಅವನು ನಿನ್ನ ಹತ್ತಿರವೇ ಬರುತ್ತಾನೆ.

ಹಿಂದೆ ಸರಿಯಾಗಿ ಎಳೆಯುತ್ತಿದ್ದದ್ದು ಈಗ 2000 ದಾಟಿದರೂ ಸತ್ತ ಹಾಗಿದ್ದರೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳನ್ನು ತಡವು. ಸೀಳಿದ ಜಾಗದಲ್ಲಿ ಆಯಿಲಿನ ಪಸೆ ಇರುತ್ತದೆ, ರೇಸ್ ಕೊಟ್ಟಾಗ ಸುಂಯ್ ಅನ್ನುತ್ತದೆ, ಹಿಂದೆ ಕರಿ ಹೊಗೆ ಬರುತ್ತದೆ. ಸ್ಕ್ಯಾನರಿನಲ್ಲಿ ಪಿ0299 ಬರುತ್ತದೆ, ಅಂದರೆ ಟರ್ಬೊ ಒತ್ತಡ ಸಾಲದು ಅಂತ. ಇದನ್ನು ಓದಿ ಟರ್ಬೊವನ್ನೇ ಬದಲಿಸುವವರಿದ್ದಾರೆ. ಪೈಪ್ ಸೀಳಿದರೂ ಇದೇ ಕೋಡ್, ಟರ್ಬೊದ ವ್ಯಾಕ್ಯೂಮ್ ಪೈಪ್ ಬಿರಿದರೂ ಇದೇ ಕೋಡ್. ಕೋಡ್ ಎಲ್ಲಿ ನೋಡಬೇಕು ಅಂತ ಬೆರಳು ತೋರಿಸುತ್ತದೆ, ಏನು ಕೊಳ್ಳಬೇಕು ಅಂತ ಹೇಳುವುದಿಲ್ಲ. ಸ್ಕ್ಯಾನರಿನಲ್ಲಿ ಕೋಡಿಗಿಂತ ಲೈವ್ ಡೇಟಾ ಓದುವುದನ್ನು ಕಲಿ. ಇಂಜಿನ್ ಕೇಳಿದ ಒತ್ತಡ ಎಷ್ಟು, ಸಿಕ್ಕಿದ್ದು ಎಷ್ಟು, ಅಂತರ ಯಾವ ಆರ್‌ಪಿಎಂನಲ್ಲಿ ಶುರುವಾಯಿತು, ಇವನ್ನು ಓಡುವ ಗಾಡಿಯಲ್ಲೇ ನೋಡಬೇಕು. ಕೋಡ್ ಅಳಿಸುವ ಮೊದಲು ಬರೆದುಕೊ.

2020ರ ಏಪ್ರಿಲ್ 1ರ ನಂತರ ಬಂದ ಬಿಎಸ್–6 ಡೀಸೆಲ್ ಕಾರುಗಳಲ್ಲಿ ಇನ್ನೊಂದು ಕಷ್ಟ ಸೇರಿಕೊಂಡಿದೆ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಅದು ಸುಮಾರು 600 ಡಿಗ್ರಿ ಕಾಯಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಡೇರಿಗೆ, ಡೇರಿಯಿಂದ ಮನೆಗೆ ಅಂತ ಎರಡನೇ ಗೇರಿನಲ್ಲಿ ಓಡುವ ಗಾಡಿಯಲ್ಲಿ ಅಷ್ಟು ಕಾವು ಎಲ್ಲಿಂದ ಬರಬೇಕು? ಮಸಿ ತುಂಬುತ್ತದೆ, ದೀಪ ಹತ್ತುತ್ತದೆ, ಕಡೆಗೆ ಗಾಡಿ ತನ್ನ ಶಕ್ತಿಯನ್ನು ತಾನೇ ಕಡಿಮೆ ಮಾಡಿಕೊಂಡು ಕುಂಟುತ್ತದೆ. ದೀಪ ಹತ್ತಿದ ಮೊದಲ ದಿನವೇ ಬಂದರೆ ಮದ್ದು ಸುಲಭ: ನಿಪ್ಪಾಣಿಯಿಂದ ಹೆದ್ದಾರಿ 48 ಹಿಡಿದು ಇಪ್ಪತ್ತು ನಿಮಿಷ, ಒಂದು ಗೇರ್ ಕಡಿಮೆಯಲ್ಲಿ, 60ಕ್ಕಿಂತ ಕೆಳಗೆ ಇಳಿಯದ ವೇಗದಲ್ಲಿ ಓಡಿಸುವುದು. ತಿಂಗಳು ತಡೆದು ಬಂದರೆ ಸ್ಕ್ಯಾನರಿನಿಂದ ಸುಡಿಸಬೇಕು, ಅದಕ್ಕೂ ಬಗ್ಗದಿದ್ದರೆ ಬಿಚ್ಚಬೇಕು. ಆಯಿಲ್ ಕಡ್ಡಿಯನ್ನೂ ಎಳೆದು ನೋಡು. ಅರ್ಧಕ್ಕೆ ನಿಂತ ಸುಡುವಿಕೆಯಿಂದ ಡೀಸೆಲ್ ಇಂಜಿನ್ ಆಯಿಲಿಗೆ ಇಳಿದು ಮಟ್ಟ ಏರಿರುತ್ತದೆ. ಆಯಿಲ್ ಹೆಚ್ಚಿದೆ ಅಂತ ಗಿರಾಕಿ ಖುಷಿಪಟ್ಟರೆ ಅವನಿಗೆ ತಿಳಿಸಿ ಹೇಳು. ಇನ್ನೊಂದು, ಹೀಗೆ ಕಾದ ಗಾಡಿಯನ್ನು ಒಣ ರವದಿಯ ಮೇಲೆ ನಿಲ್ಲಿಸಕೂಡದು. ಹೊಲಕ್ಕೂ ಗಾಡಿಗೂ ಬೆಂಕಿ ಬೀಳುತ್ತದೆ.

ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತರೆ ಹೊಗೆ ವಾಪಸ್ ಇಂಜಿನ್ನಿಗೆ ಹೋಗಿ ಗಾಳಿಯ ಜಾಗ ತಿನ್ನುತ್ತದೆ. ಬಿಚ್ಚಿ ತೊಳೆದರೆ ಸಾಕು. ಅದಕ್ಕೆ ತಗಡು ಬಡಿದು ಮುಚ್ಚು, ಡಿಪಿಎಫ್ ಕೊರೆದು ಖಾಲಿ ಮಾಡು, ಪೆಟ್ರೋಲ್ ಗಾಡಿಯ ಕ್ಯಾಟಲಿಟಿಕ್ ಕನ್ವರ್ಟರ್ ಒಡೆದು ತೆಗೆ ಅಂತ ಗಿರಾಕಿಗಳೇ ಕೇಳುತ್ತಾರೆ. ಬೇರೆ ಕಡೆ ಮಾಡಿಕೊಡುತ್ತಾರೆ ಅಂತಲೂ ಅನ್ನುತ್ತಾರೆ. ಕಾನೂನಿಗೆ ವಿರುದ್ಧ ಅನ್ನುವುದು ಒಂದು. ಮಸಿ ಯಾಕೆ ಕಟ್ಟಿತು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ ಅನ್ನುವುದು ಇನ್ನೊಂದು. ಆ ಹೊಗೆ ಕುಡಿಯುವುದು ನಮ್ಮೂರ ಶಾಲೆ ಹುಡುಗರೇ. ನೀನು ಒಲ್ಲೆ ಅನ್ನು.

ಕಂಪ್ರೆಷನ್ ಪರೀಕ್ಷೆ ಕಡೆಗೆ. ಪೆಟ್ರೋಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ 140ರಿಂದ 180 ಪಿಎಸ್‌ಐ ಸಿಗಬೇಕು, ಡೀಸೆಲ್ಲಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದರಲ್ಲಿ ಮಾತ್ರ ತೀರ ಕಡಿಮೆ ಬಂದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್. ಆಯಿಲ್ ಬಿಡುವ ಈ ಉಪಾಯ ಪೆಟ್ರೋಲ್ ಇಂಜಿನ್ನಿಗೆ ಮಾತ್ರ. ಇಷ್ಟು ಅಳೆಯದೆ ‘ಅರ್ಧ ಇಂಜಿನ್ ಕೆಲಸ ಬಂತು’ ಅನ್ನುವ ಮಾತು ನಿನ್ನ ಬಾಯಿಂದ ಬರಬಾರದು. ಆ ಮಾತಿಗೆ ರೈತನೊಬ್ಬ ಸೊಸೈಟಿಯಲ್ಲಿ ಸಾಲ ತೆಗೆಯುತ್ತಾನೆ.

ಭೋಜದಲ್ಲಿ ಗ್ಯಾರೇಜ್ ಇಡುವವನು ಹೊಳೆಯ ಮಾತು ಆಡದಿದ್ದರೆ ಹೇಗೆ? ಒಂದು ಮಗ್ಗುಲಿಗೆ ದೂಧಗಂಗಾ, ಇನ್ನೊಂದಕ್ಕೆ ವೇದಗಂಗಾ. ಮಳೆ ಜೋರಾದರೆ ಕಾರದಗಾ–ಭೋಜ ಸೇತುವೆ, ಭೋಜವಾಡಿ–ಕುನ್ನೂರ ಸೇತುವೆ ಮುಳುಗುತ್ತವೆ. 2019ರ ಆಗಸ್ಟಿನ ಮಹಾಪೂರ, 2021ರ ಜುಲೈ ನಿನಗೂ ನೆನಪಿದೆ. ನೀರಿನಲ್ಲಿ ನುಗ್ಗಿಸಿ ನಡುವೆ ನಿಂತ ಗಾಡಿಯನ್ನು ಎಳೆದು ತಂದರೆ ಸೆಲ್ಫ್ ಹೊಡೆಯಬೇಡ, ಹೊಡೆಯಲು ಬಿಡಲೂ ಬೇಡ. ನೀರು ಒತ್ತಿ ಕುಗ್ಗುವುದಿಲ್ಲ, ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಏರ್ ಫಿಲ್ಟರ್ ತೆಗೆದು ನೋಡು. ಒದ್ದೆಯಾಗಿದ್ದರೆ ಪ್ಲಗ್ ಬಿಚ್ಚಿ, ಡೀಸೆಲ್ ಆದರೆ ಗ್ಲೋ ಪ್ಲಗ್ ಬಿಚ್ಚಿ, ಇಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯೇ ನೋಡು. ಆಗಲೇ ಯಾರೋ ಸೆಲ್ಫ್ ಹೊಡೆದಿದ್ದರೆ, ರಾಡ್ ಸ್ವಲ್ಪವೇ ಬಾಗಿ ಗಾಡಿ ಓಡುತ್ತಿರುತ್ತದೆ, ಆದರೆ ಆ ಸಿಲಿಂಡರಿನ ಕಂಪ್ರೆಷನ್ ಕಡಿಮೆ. ನೀರು ಇಳಿದು ತಿಂಗಳುಗಳಾದ ಮೇಲೆ ‘ಪಿಕಪ್ ಇಲ್ಲ’ ಅಂತ ಬಂದ ಗಾಡಿಯವನನ್ನು ‘ಸೇತುವೆ ಮೇಲೆ ನೀರಿದ್ದಾಗ ದಾಟಿಸಿದ್ದೆಯಾ’ ಅಂತ ಕೇಳಲೇಬೇಕು.

ದುಡ್ಡಿನ ಮಾತು ಉಳಿಯಿತು. ಬದಲಿಸಿದ ಹಳೆಯ ಸಾಮಾನನ್ನು ಗಿರಾಕಿಯ ಕೈಗೆ ಕೊಡು. ಶಾಂತಿಸಾಗರ ಮಹಾರಾಜರ ಊರು ಅಂತ ಸಾಂಗ್ಲಿ, ಕೊಲ್ಹಾಪುರದ ಕಡೆಯಿಂದ ಜೈನ ಯಾತ್ರಿಕರು ಬರುತ್ತಾರೆ. ಅವರ ಗಾಡಿ ಕೆಟ್ಟು ನಿಂತಾಗ ಇವರು ಮತ್ತೆ ಬರುವವರಲ್ಲ ಅಂತ ಬೇರೆ ರೇಟ್ ಹೇಳಿದೆ ಅನ್ನುವ ಸುದ್ದಿ ನನ್ನ ಕಿವಿಗೆ ಬೀಳಬಾರದು. ಅದೇ ಹೊತ್ತಿಗೆ, ಏನೂ ಬದಲಿಸದೆ ಎರಡು ತಾಸು ಪರೀಕ್ಷೆ ಮಾಡಿ ಒಂದು ಕ್ಲಿಪ್ ಬಿಗಿ ಮಾಡಿ ಕಳಿಸಿದ ದಿನ ಕೂಲಿ ಕೇಳಲು ನಾಚಬೇಡ. ಕ್ಲಿಪ್ಪಿಗೆ ಇಷ್ಟು ರೊಕ್ಕವೇ ಅಂತ ಗೊಣಗುವವರು ಇರುತ್ತಾರೆ. ಹುಡುಕಿದ್ದಕ್ಕೆ ಕೂಲಿ ಅಂತ ಬಿಲ್ಲಿನಲ್ಲಿ ಬರೆದು ಕೊಡು. ಇದಕ್ಕೆ ನಾಚಿದ ಮಿಸ್ತ್ರಿಗಳೇ ಕಡೆಗೆ ಬೇಡದ ಸಾಮಾನು ಹಾಕಿ ಅದರಲ್ಲಿ ಕೂಲಿ ಹುಡುಕುವ ದಾರಿ ಹಿಡಿಯುವುದು.

ಈ ಸಲದ ಹಂಗಾಮು ಶುರುವಾಗುವ ಮೊದಲು ಟೈರ್ ಗೇಜ್, ಕಂಪ್ರೆಷನ್ ಗೇಜ್, ಫ್ಯುಯಲ್ ಪ್ರೆಶರ್ ಗೇಜ್, ನಾಲ್ಕು ಗಾಜಿನ ಬಾಟಲಿ, ಗಟ್ಟಿ ಜ್ಯಾಕ್ ಸ್ಟ್ಯಾಂಡು, ಒಂದು ನೋಟ್‌ಬುಕ್ ತಂದಿಟ್ಟುಕೊ. ಶೆಡ್ಡಿನ ಹಿಂದಿನ ಗೋಡೆಗೆ ದೊಡ್ಡ ಕಿಟಕಿ ಇಡಿಸು, ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಿದರೆ ಹೊಗೆ ಕೊಲ್ಲುತ್ತದೆ. ದೊಡ್ಡ ಸ್ಕ್ಯಾನರ್ ಮುಂದಿನ ವರ್ಷ ಕೊಂಡರೂ ನಡೆದೀತು, ಈಗ ಸಣ್ಣದು ಸಾಕು.